ಓಟಗಾರನ ಟೊಂಕ

ಧಾರವಾಡದ ಪಡುವಣ ದಿಕ್ಕಿಗೆ, ಗೋವೆಯ ದಾರಿಯ ಬದಿಯಲ್ಲಿ, ಕೆಲಗೇರಿಯ ಕೆರೆಯುಂಟು. ಬೆಳಗಿನ ಜಾವದಲ್ಲಿ ಅಲ್ಲಿಗೆ ತಿರುಗಾಡಲು ಬರುವ ಮಂದಿ ಬಹಳ. ನಿವೃತ್ತರಾದ ಅಧಿಕಾರಿಗಳು, ಸಕ್ಕರೆಯ ಬೇನೆಯವರು, ವೈದ್ಯರ ಅಪ್ಪಣೆಗೆ ಅಂಜಿ ಹಾಸಿಗೆ ಬಿಟ್ಟು ಬಂದವರು, ಸುಮ್ಮನೆ ಮಾತಿಗಾಗಿ ಬಂದವರು—ಹೀಗೆ ನಾನಾ ತರದವರು. ಇವರೆಲ್ಲರ ನಡುವೆ ಹತ್ತು ಹನ್ನೆರಡು ವರುಷಗಳಿಂದ ಒಬ್ಬರು ಮಾತ್ರ ನಡೆಯುತ್ತಿರಲಿಲ್ಲ, ಓಡುತ್ತಿದ್ದರು. ಅವರು ಊರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರರು. ಮೈ ತೆಳ್ಳಗೆ, ಮುಖ ಗಂಭೀರ, ಕೈಗಡಿಯಾರದ ಮೇಲೆ ಆಗಾಗ ಕಣ್ಣು. ಓಡುವಾಗ ಯಾರೊಡನೆಯೂ ಮಾತಿಲ್ಲ. "ಮಾಸ್ತರ, ಹುಲಿ ಬೆನ್ನ ಹತ್ತಿಲ್ಲ, ಹಿಂಗ್ಯಾಕ ಓಡ್ತೀರಿ?" ಎಂದು ಏರಿಯ ಮೇಲಿನ ಹಿರಿಯರೊಬ್ಬರು ದಿನಾಲು ಕೇಳುವರು. ಮಾಸ್ತರರು ದಿನಾಲು ನಕ್ಕು ಮುಂದಕ್ಕೆ ಸಾಗುವರು. ಹುಲಿ ಬೆನ್ನು ಹತ್ತಿದ ಸಂಗತಿಯನ್ನು ಅವರು ಯಾರಿಗೂ ತಿಳಿಸಿರಲಿಲ್ಲ.

ಸಂಗತಿಯೆಂದರೆ ಇಷ್ಟೇ. ಅವರ ತಂದೆಯವರು 1988ರಲ್ಲಿ, ಸಂಜೆಯ ಚಹಾ ಕುಡಿದು ಕಪ್ಪನ್ನು ಕೆಳಗಿಡುವಷ್ಟರಲ್ಲಿ, ಎದೆ ನೋವೆಂದು ಒರಗಿದವರು ಮತ್ತೆ ಏಳಲಿಲ್ಲ. ಆಗ ಅವರಿಗೆ ಐವತ್ತನಾಲ್ಕು ವರುಷ ಮೂರು ತಿಂಗಳು, ಮಗನಿಗೆ ಹದಿನೆಂಟು. ಮಗನು ಮುಂದೆ ಗಣಿತದ ಮಾಸ್ತರನಾದ ಮೇಲೆ, ತಾನು ತಂದೆಯ ವಯಸ್ಸನ್ನು ದಾಟುವ ದಿನ ಯಾವದೆಂದು ಲೆಕ್ಕ ಹಾಕಿ, ಒಂದು ಹಳೆಯ ದಿನಚರಿಯ ಕೊನೆಯ ಹಾಳೆಯಲ್ಲಿ ಸಣ್ಣ ಅಕ್ಷರಗಳಿಂದ ಬರೆದಿಟ್ಟನು. ಅದು 2024ರ ನವಂಬರದಲ್ಲಿ ಬೀಳುತ್ತಿದ್ದಿತು. ನಾಲ್ವತ್ತೊಂದನೆಯ ವರುಷದಲ್ಲಿ ಅವರು ಓಡಲು ಆರಂಭಿಸಿದ್ದು ಆ ಹಾಳೆಯ ಸಲುವಾಗಿಯೇ. ಓಡಿದ ಒಂದೊಂದು ಮೈಲಿಗೂ ಆಯುಷ್ಯದ ಖಾತೆಗೆ ಏನೋ ಒಂದು ಜಮೆಯಾಗುತ್ತದೆಂದು ಅವರು ನಂಬಿದ್ದರು. ಲೆಕ್ಕ ಬಲ್ಲವರ ಮೂಢನಂಬಿಕೆಗಳು ಉಳಿದವರ ಮೂಢನಂಬಿಕೆಗಳಿಗಿಂತ ಬಲವಾಗಿರುತ್ತವೆ; ಅವಕ್ಕೆ ಅಂಕಿಗಳ ಆಧಾರವಿರುತ್ತದಲ್ಲ!

2024ರ ಜನವರಿಯಲ್ಲಿ ಮುಂಬಯಿಯ ಮ್ಯಾರಥಾನಿಗೆ ಹೋಗಬೇಕೆಂಬದು ಮಗಳ ಹಟ. ಅವಳು ಅಲ್ಲಿಯೇ ನೌಕರಿಯಲ್ಲಿದ್ದವಳು. "ಅಪ್ಪಾ, ಕೂಡಿ ಓಡೋಣು" ಎಂದು ಇಬ್ಬರ ಹೆಸರನ್ನೂ ತಾನೇ ಹಚ್ಚಿಸಿದಳು. ನಾಲ್ವತ್ತೆರಡು ಕಿಲೋಮೀಟರು ನೂರತೊಂಬತ್ತೈದು ಮೀಟರು. ಅಲ್ಲಿಯ ವರೆಗೆ ಮಾಸ್ತರರು ವಾರಕ್ಕೆ ಮೂವತ್ತು ಕಿಲೋಮೀಟರು ಓಡುತ್ತಿದ್ದವರು, 2023ರ ಆಗಸ್ಟಿನಿಂದ ಐದೇ ವಾರಗಳಲ್ಲಿ ಅದನ್ನು ಎಪ್ಪತ್ತಕ್ಕೆ ಏರಿಸಿದರು. ರವಿವಾರ ಹುಬ್ಬಳ್ಳಿಯ ದಾರಿ ಹಿಡಿದು ಸತ್ತೂರು ದಾಟಿ ಬಹುದೂರ ಹೋಗಿ ಬರುವರು. ಮೈ ಹಗುರವಾಗಲೆಂದು ರಾತ್ರಿಯ ಊಟ ಬಿಟ್ಟರು; ಏಕಾದಶಿಯ ಉಪವಾಸಕ್ಕೆ ಸೋಮವಾರದ ಉಪವಾಸವೂ ಕೂಡಿತು. ಮುಖದ ಎಲುಬುಗಳು ಕಾಣತೊಡಗಿದವು. ಏರಿಯ ಮೇಲಿನವರು "ಏನ್ರಿ, ಹುಡುಗರಂಗ ಆಗೀರಿ" ಎಂದು ಹೊಗಳಿದರು. ಆ ಹೊಗಳಿಕೆ ಮನೆಯಾಕೆಗೆ ಮಾತ್ರ ಸೇರಲಿಲ್ಲ.

ಸಪ್ಟಂಬರದ ಕೊನೆಗೆ ನೋವು ಬಂದಿತು. ಮೊದಲು ಓಟದ ಕೊನೆಯ ಮೈಲಿಗೆ ಮಾತ್ರ, ಯಾರೋ ಒಳಗಿನಿಂದ ಹೆಬ್ಬೆರಳೂರಿ ಒತ್ತಿದಂತೆ. ಮನೆ ಮುಟ್ಟಿ ನೀರು ಹಾಕಿಕೊಳ್ಳುವಷ್ಟರಲ್ಲಿ ಮಾಯ. ಎರಡು ವಾರಗಳಲ್ಲಿ ಅದು ಓಟದ ನಡುವಿಗೆ ಬಂದಿತು; ಮೂರನೆಯ ವಾರದಲ್ಲಿ ಮೊದಲನೆಯ ಹೆಜ್ಜೆಗೇ ಬಂದು ನಿಂತಿತು. ಶಾಲೆಯ ಮೆಟ್ಟಿಲು ಹತ್ತುವಾಗ ಎಡಗಾಲು ತಡೆಯುವದು. ಮದುವೆಯ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರೆ ಸಾರಿನ ಹೊತ್ತಿಗೇ ಬೆವರು ಒಡೆಯುವದು. ಅವರು ನೋವನ್ನು ಮುಚ್ಚಿಟ್ಟರು. ಓಟಗಾರರು ನೋವನ್ನು ಮುಚ್ಚಿಡುವದರಲ್ಲಿ ಬಲು ಜಾಣರು. ಮೊದಲು ಪರರಿಂದ, ಆಮೇಲೆ ತಮ್ಮಿಂದಲೇ.

"ಅಲ್ರೀ, ನೀವು ಕುಂಟೂದು ನನಗ ಕಾಣಸೂದಿಲ್ಲಂತ ತಿಳದೀರೇನು?" ಎಂದು ಮನೆಯಾಕೆ ಒಂದು ದಿನ ಕೇಳಿದ ಮೇಲೆ, "ಸ್ವಲ್ಪ ಟೊಂಕ ಹಿಡಕೊಂಡದ" ಎಂದರು.

ಇಲ್ಲಿಂದಲೇ ಎಡವಟ್ಟು ಪ್ರಾರಂಭವಾಯಿತು. ಅದು ಕಾಲಿನದಲ್ಲ, ಶಬ್ದದ್ದು. ಟೊಂಕವೆಂದರೆ ಏನು? ಧೋತರ ಉಡುವ ಠಾವೂ ಟೊಂಕವೇ, ಕೊಡ ಇಟ್ಟುಕೊಳ್ಳುವ ಬದಿಯೂ ಟೊಂಕವೇ, ನೆಲದ ಮೇಲಿನ ಭಾರ ಎತ್ತುವಾಗ ಛಳಕು ಹೊಡೆಯುವ ಬೆನ್ನಿನ ಕೆಳಭಾಗವೂ ಟೊಂಕವೇ. ಕೆಲಸಕ್ಕೆ ನಿಂತವನು ಟೊಂಕ ಕಟ್ಟಿ ನಿಲ್ಲುವನು. ಎಲ್ಲಿ ಕಟ್ಟಿದನೆಂದು ಯಾರೂ ಕೇಳುವದಿಲ್ಲ. ಮೈಸೂರಿನ ಕಡೆಯವರ ಸೊಂಟದ ಹಣೆಬರಹವೂ ಇದೇ. ಚಪ್ಪೆಯೆಂದರೆ ಎಲುಬಿನ ಹೊರಮೈ ಮಾತ್ರವಾಯಿತು, ತೊಡೆಸಂದೆಂದರೆ ಮುಂಭಾಗ ಮಾತ್ರ. ಕಟಿ, ಶ್ರೋಣಿ, ನಿತಂಬ ಎಂದು ಸಂಸ್ಕೃತದಲ್ಲಿ ಮಾತುಗಳಿಗೆ ಬರವಿಲ್ಲ, ಕವಿಗಳು ಅವನ್ನು ಬೇಕಾದಷ್ಟು ವರ್ಣಿಸಿದ್ದಾರೆ. ಆದರೆ ವರ್ಣನೆಗೆ ಒದಗಿದ್ದು ಹೊರಗಿನ ದುಂಡಗೆ ಹೊರತು, ಒಳಗೆ ತೊಡೆಯೆಲುಬಿನ ಗುಂಡು ಬಟ್ಟಲಿನಲ್ಲಿ ತಿರುಗುವ ಆ ಕೀಲಲ್ಲ. ದೇಹದ ಭಾರವನ್ನೆಲ್ಲ ಹೊತ್ತ ಕೀಲಿಗೆ ಮನೆಮಾತಿನಲ್ಲಿ ಅದರದೇ ಆದ ಒಂದು ಹೆಸರಿಲ್ಲ. ಹೆಸರಿಲ್ಲದ ಠಾವಿನಲ್ಲಿ ನೋವು ಬಂದರೆ ಅದು ನೆರೆಮನೆಯ ಹೆಸರನ್ನು ಕಡ ತರುವದು.

ಟೊಂಕವೆಂದ ಮೇಲೆ ಎಲ್ಲರೂ ಬೆನ್ನು ನೋಡಿದರು. ಅತ್ತೆಯವರು ಮಹಾನಾರಾಯಣ ತೈಲ ಕಳಿಸಿದರು. ಅದರಿಂದ ಬೆನ್ನಿಗೆ ಸುಖವಾಯಿತು. ಸಹೋದ್ಯೋಗಿಯೊಬ್ಬರು ತಮ್ಮ ಪಟ್ಟಿಯನ್ನು ತಂದು ಬಿಗಿದರು. ಊರಿನ ಒಬ್ಬ ವೈದ್ಯರು ಎರಡು ನಿಮಿಷ ಕೇಳಿ ಬೆನ್ನೆಲುಬಿನ ಎಕ್ಸರೇ ತೆಗೆಯಿಸಿದರು. ಅದರಲ್ಲಿ ಕೆಳಗಿನ ಎರಡು ಮಣಿಗಳ ನಡುವಿನ ಸಂದು ಕಿರಿದಾದದ್ದು ಕಂಡಿತು. ಐವತ್ತು ದಾಟಿದವರಲ್ಲಿ, ಯಾವ ನೋವೂ ಇಲ್ಲದವರಲ್ಲಿಯೂ, ಇಂಥದು ಕಾಣುವದು ಸಾಮಾನ್ಯ. ಆದರೆ ಹುಡುಕಿದ ಠಾವಿನಲ್ಲಿ ಏನಾದರೊಂದು ಸಿಕ್ಕಿದರೆ ಹುಡುಕುವದು ನಿಲ್ಲುವದು ಮನುಷ್ಯಸ್ವಭಾವ. ಹತ್ತು ದಿವಸ ಬೆನ್ನನ್ನು ಯಂತ್ರದಿಂದ ಜಗ್ಗಿದರು. ನೋವಿನ ಗುಳಿಗೆ ಕೊಟ್ಟರು. ಗುಳಿಗೆಯ ಬಲದಿಂದ ಮಾಸ್ತರರು ಆ ಹತ್ತು ದಿವಸಗಳಲ್ಲಿ ನಾಲ್ಕು ಸಲ ಓಡಿದರು. ಇದನ್ನು ವೈದ್ಯರಿಗೆ ಹೇಳಲಿಲ್ಲ. ತಪ್ಪೆಲ್ಲ ವೈದ್ಯರದೇ ಎಂದು ಬರೆಯುವದು ನ್ಯಾಯವಲ್ಲ.

ನವಂಬರದ ಮೊದಲ ವಾರದಲ್ಲಿ ಮಗಳ ಒತ್ತಾಯದಿಂದ ಹುಬ್ಬಳ್ಳಿಯಲ್ಲಿ ಅಂಗಮರ್ದನ-ವ್ಯಾಯಾಮಗಳ ಚಿಕಿತ್ಸೆ ಕಲಿತ ಒಬ್ಬ ತರುಣಿಯ ಬಳಿಗೆ ಹೋದರು. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ. ಮಾಸ್ತರರ ಕೈಯಲ್ಲಿ ಬೀಜಗಣಿತ ಕಲಿಯಬಹುದಾದ ವಯಸ್ಸಿನವಳು. ಮಾಸ್ತರರು ಟೊಂಕವೆಂದು ಆರಂಭಿಸಿದರು. ಅವಳು ತಡೆದು, "ಹೆಸರು ಬ್ಯಾಡ್ರಿ ಸರ್. ಎಲ್ಲಿ ನೋಯ್ತದ, ಕೈ ಇಟ್ಟು ತೋರಸ್ರಿ" ಎಂದಳು. ಅವರು ಎಡಗೈಯ ಹೆಬ್ಬೆರಳನ್ನು ಹಿಂದಕ್ಕೂ ತೋರುಬೆರಳನ್ನು ಮುಂದೆ ತೊಡೆಸಂದಿಗೂ ಚಾಚಿ, ಬದಿಯನ್ನು ಇಕ್ಕಳದಿಂದ ಹಿಡಿದಂತೆ ಹಿಡಿದರು. ಆ ಇಕ್ಕಳದ ಹಿಡಿತ ಕೀಲಿನವೈದ್ಯರಿಗೆ ಚಿರಪರಿಚಿತ. ನೋವು ಕೀಲಿನ ಆಳದಲ್ಲಿದ್ದವರು ಬಹುಮಟ್ಟಿಗೆ ಹಾಗೆಯೇ ತೋರಿಸುವರು. "ಒಂದ ಬೆರಳ ಇಡ್ರಿ" ಎಂದಳು. ಬೆರಳು ತೊಡೆಸಂದಿನ ನಡುವೆ ಹೋಗಿ ನಿಂತಿತು. ಬೆನ್ನಿನಿಂದ ಒಂದು ಗೇಣು ಮುಂದೆ!

ಅವಳು ಅವರನ್ನು ಅಂಗಾತ ಮಲಗಿಸಿ, ಮೊಳಕಾಲನ್ನು ಮಡಿಸಿ, ಪಾದವನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಿದಳು. ಅಂದರೆ ತೊಡೆಯೆಲುಬು ಬಟ್ಟಲಿನಲ್ಲಿ ಒಳಕ್ಕೆ ತಿರುಗಿತು. ಮಾಸ್ತರರು ಹಲ್ಲು ಕಚ್ಚಿದರು. ವಾರಕ್ಕೆ ಎಷ್ಟು ಓಡುತ್ತಿದ್ದಿರಿ, ಎಷ್ಟು ದಿವಸಗಳಲ್ಲಿ ಏರಿಸಿದಿರಿ, ಏನು ಉಣ್ಣುವಿರಿ, ರಾತ್ರಿ ಮಗ್ಗುಲಾಗುವಾಗ ನೋಯುವದೇ ಎಂದು ಕೇಳಿದಳು. ಒಂದು ವ್ಯಾಯಾಮವನ್ನೂ ಹೇಳಿಕೊಡಲಿಲ್ಲ, ಒಂದು ಕಾಲಿನ ಮೇಲೆ ಹಾರಲೂ ಹೇಳಲಿಲ್ಲ. ಚೀಟಿ ಬರೆದು, "ಇವತ್ತಿನಿಂದ ಈ ಕಾಲಿನ ಮ್ಯಾಲೆ ಭಾರ ಹಾಕಬ್ಯಾಡ್ರಿ. ನಾಳೆನ ಎಲುಬಿನ ಡಾಕ್ಟರ ಕಡೆ ಹೋಗ್ರಿ" ಎಂದಳು. ಹಣ ಕೊಡಹೋದರೆ, ಚಿಕಿತ್ಸೆಯನ್ನೇ ಮಾಡಲಿಲ್ಲವಲ್ಲ ಎಂದು ಅರ್ಧವನ್ನು ಹಿಂದಿರುಗಿಸಿದಳು. ಏನೂ ಮಾಡದೆ ಇರುವದಕ್ಕೆ ಎಷ್ಟು ವಿದ್ಯೆ ಬೇಕೆಂಬದನ್ನು ಅಲ್ಲಿ ಕಂಡಂತಾಯಿತು.

ಕೀಲಿನ ಎಕ್ಸರೇಯಲ್ಲಿ ಏನೂ ಕಾಣಲಿಲ್ಲ. ಇಂಥ ಬಿರುಕು ಮೊದಲ ವಾರಗಳಲ್ಲಿ ಎಕ್ಸರೇಗೆ ಸಿಕ್ಕದೆ ಹೋಗುವದು ಹೆಚ್ಚು. ಎಂ.ಆರ್.ಐ. ಚಿತ್ರದಲ್ಲಿ ಸಿಕ್ಕಿತು: ತೊಡೆಯೆಲುಬಿನ ಕತ್ತಿನ ಕೆಳಮಗ್ಗುಲಲ್ಲಿ ಒಂದು ಕಪ್ಪು ಗೆರೆ, ಕೂದಲೆಳೆಯಷ್ಟು, ಸುತ್ತಲೂ ಬಾವಿನ ಬಿಳುಪು.

ಎಲುಬಿನ ವೈದ್ಯರು ವಯಸ್ಸಾದವರು. ರೋಗಿ ಗಣಿತದವರೆಂದು ತಿಳಿದು ಕಾಗದದ ಮೇಲೆ ಆಕೃತಿ ತೆಗೆದು ವಿವರಿಸಿದರು. ತೊಡೆಯೆಲುಬು ಕಂಬದ ಹಾಗೆ ನೆಟ್ಟಗೆ ಬಟ್ಟಲಿಗೆ ಹೋಗಿ ಸೇರುವದಿಲ್ಲ. ಮೇಲ್ತುದಿಯಲ್ಲಿ ಒಳಕ್ಕೆ ಓರೆಯಾಗಿ ಒಂದು ಕತ್ತು ಚಾಚಿದೆ. ಕಂಬಕ್ಕೂ ಕತ್ತಿಗೂ ನಡುವಿನ ಕೋನವು ಸುಮಾರು ನೂರಿಪ್ಪತ್ತೈದು ಅಂಶ. ಆ ಕತ್ತಿನ ತುದಿಯ ಗುಂಡಿನ ಮೇಲೆ ದೇಹದ ಭಾರ. ಮರದ ಕೊಂಬೆಯ ತುದಿಗೆ ಹುಡುಗನು ಜೋತುಬಿದ್ದರೆ ಕೊಂಬೆಯ ಮೇಲ್ಮೈ ಜಗ್ಗುವದು, ಕೆಳಮೈ ಒತ್ತಿಕೊಳ್ಳುವದು. ಇಲ್ಲಿಯೂ ಹಾಗೆಯೇ. ಬಿರುಕು ಮೇಲ್ಮೈಯಲ್ಲಿ ಬಿದ್ದರೆ ಪ್ರತಿಯೊಂದು ಹೆಜ್ಜೆಯೂ ಅದನ್ನು ಬಾಯಿ ತೆರೆಯಿಸುವದು. ಆದ್ದರಿಂದ ಅಂಥವರಿಗೆ ಬಹುಮಟ್ಟಿಗೆ ಉಕ್ಕಿನ ತಿರುಪು ಹಾಕಿ ಬಿಗಿಯುವರು. ಕೆಳಮೈಯಲ್ಲಿ ಬಿದ್ದು, ಕತ್ತಿನ ಅಗಲದ ಅರ್ಧಕ್ಕಿಂತ ಕಡಮೆಯಿದ್ದರೆ, ಭಾರ ಹಾಕದೆ ಕಾಯ್ದರೆ ಕೂಡಿಕೊಳ್ಳುವ ಆಸೆಯುಂಟು. ಮಾಸ್ತರರದು ಕೆಳಮೈ, ಮೂರನೆಯ ಒಂದು ಭಾಗಕ್ಕಿಂತ ಕಡಮೆ.

"ಓಡಿದ್ದರೆ?" ಎಂದು ಮಾಸ್ತರರು ಕೇಳಿದರು.

ಕತ್ತು ಪೂರಾ ಮುರಿದು ಜರುಗಿದರೆ, ಅದರ ಮೈಗುಂಟ ಹತ್ತಿ ಗುಂಡಿಗೆ ನೆತ್ತರು ಒಯ್ಯುವ ಸಣ್ಣ ನಾಳಗಳು ಹರಿಯುವವು. ನೆತ್ತರು ತಪ್ಪಿದ ಗುಂಡು ಒಳಗೊಳಗೇ ಸಾಯುವದು. ಆಮೇಲೆ ಉಳಿದ ದಾರಿ ಕೃತ್ರಿಮ ಕೀಲಿನದು. 1962ರಲ್ಲಿ ಇಂಗ್ಲಂಡಿನ ಜಾನ್ ಚಾರ್ನ್‌ಲೀ ಎಂಬ ಶಸ್ತ್ರವೈದ್ಯರು ಲೋಹದ ಗುಂಡು, ಪಾಲಿಥೀನಿನ ಬಟ್ಟಲುಗಳಿಂದ ಆ ದಾರಿಯನ್ನು ಗಟ್ಟಿಮಾಡಿಕೊಟ್ಟಿದ್ದರಿಂದ ಲಕ್ಷಾಂತರ ಜನರು ಇಂದು ನಡೆದಾಡುತ್ತಿದ್ದಾರೆ, ನಿಜ. ಆದರೆ ನಡೆದಾಡುವದಕ್ಕೆ ಮಾಡಿದ ಕೀಲು ಅದು. ಎಪ್ಪತ್ತು ಕಿಲೋಮೀಟರಿನ ವಾರಗಳಿಗಲ್ಲ.

ಮನೆಗೆ ಬಂದು ಮಾಸ್ತರರು ಕಾಗದ ಪೆನ್ಸಿಲು ಹಿಡಿದು ಕೂತರು. ದುಃಖ ಬಂದಾಗ ಅವರು ಲೆಕ್ಕ ಮಾಡುವರು. ಒಂದು ಕಾಲಿನ ಮೇಲೆ ನಿಂತಾಗ ದೇಹದ ಭಾರವು ಕೀಲಿನ ಒಳಬದಿಗೆ ಬೀಳುತ್ತದೆ. ಚಪ್ಪೆಯ ಹೊರಬದಿಯ ಸ್ನಾಯುಗಳು ಎಳೆದು ಹಿಡಿಯದಿದ್ದರೆ ಮೈ ಒಂದು ಕಡೆಗೆ ವಾಲಿಬಿಡುವದು. ತಕ್ಕಡಿಯ ಎರಡು ತೋಳು. ಭಾರದ ಕಡೆಯದು ಉದ್ದ, ಸ್ನಾಯುವಿನ ಕಡೆಯದು ಅದರ ಅರ್ಧದಷ್ಟು ಗಿಡ್ಡ. ಆದ್ದರಿಂದ ಸ್ನಾಯುಗಳು ಭಾರದ ಎರಡರಷ್ಟು ಎಳೆಯಬೇಕು. ಆ ಎಳೆತವೂ ಭಾರವೂ ಕೂಡಿ ಬೀಳುವದು ಕೀಲಿನ ಮೇಲೆಯೇ. ಬರಿದೆ ನಡೆಯುವಾಗಲೇ ಕೀಲು ದೇಹಭಾರದ ಎರಡೂವರೆ ಪಟ್ಟನ್ನು ಹೊರುವದು. ಓಡುವಾಗ ನಾಲ್ಕು ಪಟ್ಟಿಗೂ ಮಿಗಿಲು. ಅರವತ್ತನಾಲ್ಕು ಕಿಲೋ ತೂಕದ ಮಾಸ್ತರರಿಗೆ ಅದು ಇನ್ನೂರೈವತ್ತು ಕಿಲೋ ದಾಟಿತು. ಒಂದು ಕಿಲೋಮೀಟರಿಗೆ ಎಡಗಾಲು ಐದುನೂರು ಸಲವಾದರೂ ನೆಲ ಮುಟ್ಟುವದು; ವಾರಕ್ಕೆ ಎಪ್ಪತ್ತೆಂದರೆ ಮೂವತ್ತೈದು ಸಾವಿರ ಸಲ. ಎಲುಬು ಕಲ್ಲಲ್ಲ, ಭಾರ ಬಿದ್ದ ಕಡೆಗೆ ಹಳೆಯದನ್ನು ಕೆದರಿ ತೆಗೆದು ಹೊಸದನ್ನು ಮೆತ್ತುತ್ತ ಗಟ್ಟಿಯಾಗುವ ಸಜೀವ ವಸ್ತು. ಆದರೆ ಕೆದರುವ ಕೆಲಸ ಬೇಗ, ಮೆತ್ತುವ ಕೆಲಸ ನಿಧಾನ. ಅದಕ್ಕೆ ತಿಂಗಳುಗಳು ಬೇಕು. ಮಾಸ್ತರರು ಕೊಟ್ಟದ್ದು ಐದು ವಾರ. ಅದರ ಮೇಲೆ ಅರೆಹೊಟ್ಟೆ. ನೆತ್ತರಿನ ಪರೀಕ್ಷೆಯಲ್ಲಿ ಡಿ ಜೀವಸತ್ವವು 11 ಬಂದಿತು. 20ಕ್ಕೆ ಕಡಮೆಯಾದರೆ ಕೊರತೆಯೆನ್ನುವರು. ಸೂರ್ಯನಿಗೆ ಅರ್ಘ್ಯ ಕೊಡುವ ನಾಡಿನಲ್ಲಿ ಈ ಕೊರತೆ ಮನೆಮನೆಗೂ ಇದೆಯೆಂಬದು ಸೋಜಿಗವಾದರೂ ನಿಜ. ನಸುಕಿನಲ್ಲಿ ಓಡಿ, ಹಗಲೆಲ್ಲ ತರಗತಿಯಲ್ಲಿ ಕಳೆಯುವವರಿಗೆ ಬಿಸಿಲು ಎಲ್ಲಿಯದು?

ಲೆಕ್ಕ ಸರಿಯಾಗಿ ಬಂದಿತು. ಶಾಲೆಯ ಹುಡುಗನೊಬ್ಬನು ಇಂಥ ತಪ್ಪು ಮಾಡಿದ್ದರೆ ಅವರು ಕಿವಿ ಹಿಂಡುತ್ತಿದ್ದರು.

ಕಂಕುಳಗೋಲುಗಳ ಆರು ವಾರ ಆರಂಭವಾದವು. ಹಗಲು ಹೇಗೋ ಕಳೆಯುವದು. ಹುಡುಗರು ಹಲಗೆಯ ಮೇಲೆ ತಾವೇ ಬರೆಯುವರು, ಮಾಸ್ತರರು ಕುರ್ಚಿಯಿಂದ ತಿದ್ದುವರು. ಕಷ್ಟವಾದದ್ದು ನಸುಕು. ನಾಲ್ಕೂವರೆಗೆ ಎಚ್ಚರವಾಗುವದು. ಹೊರಗೆ ಕೋಗಿಲೆ, ಹಾಲಿನವನ ಗಾಡಿ. ಒಳಗೆ ಎದೆಯ ಬಡಿತ. ಓಡದ ಒಂದೊಂದು ದಿನವೂ ಆ ಹಾಳೆಯ ತಾರೀಖಿನ ಕಡೆಗೆ ತಮ್ಮನ್ನು ನೂಕುತ್ತಿದೆಯೆಂದು ಅವರಿಗೆ ತೋರುವದು. ಎಡಗೈಯಿಂದ ಬಲಗೈಯ ನಾಡಿ ಹಿಡಿದು ಎಣಿಸುವರು. ಹೀಗೆ ಎಣಿಸುವದನ್ನು ಒಂದು ನಸುಕಿನಲ್ಲಿ ಮನೆಯಾಕೆ ಕಂಡು, ದೀಪ ಹಚ್ಚಿ, ಏನೆಂದು ಕೇಳಿದಳು. ಆಗ ಅವರು ಇಪ್ಪತ್ತಾರು ವರುಷಗಳ ಸಂಸಾರದಲ್ಲಿ ಮೊದಲ ಸಲ ಆ ದಿನಚರಿಯ ಸಂಗತಿಯನ್ನು ಹೇಳಿದರು.

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮಾವನವರು ದಿನಾ ಎರಡು ಕಟ್ಟು ಬೀಡಿ ಸೇದತಿದ್ರಂತ ಅತ್ತಿ ಹೇಳ್ತಿದ್ರು. ಅದನ್ನ ಎಲ್ಲೆ ಲೆಕ್ಕಕ್ಕ ಹಿಡದೀರಿ?" ಎಂದಳು.

ಮಾಸ್ತರರಿಗೆ ಉತ್ತರ ತೋಚಲಿಲ್ಲ. ಮರುವಾರ ಅವಳೇ ಅವರನ್ನು ಹೃದಯದ ವೈದ್ಯರ ಬಳಿಗೆ ಕರೆದೊಯ್ದಳು. ಹನ್ನೆರಡು ವರುಷ ಎದೆಗಾಗಿ ಓಡಿದ ಮನುಷ್ಯನು ಎದೆಯನ್ನು ಒಮ್ಮೆಯೂ ತೋರಿಸಿರಲಿಲ್ಲ. ಎದೆ ಚೆನ್ನಾಗಿತ್ತು, ಕೊಬ್ಬಿನ ಅಂಶ ತುಸು ಹೆಚ್ಚೆಂದು ಒಂದು ಗುಳಿಗೆ ಬರೆದುಕೊಟ್ಟರು. ಅಂದಿನಿಂದ ರಾತ್ರಿಯ ಊಟ ಮತ್ತೆ ಆರಂಭವಾಯಿತು. ಸೋಮವಾರದ ಉಪವಾಸವನ್ನು ಮನೆಯಾಕೆ ಎತ್ತಿಹಾಕಿದಳು.

ಮಗಳು ಫೋನಿನಲ್ಲಿ ಮೆಬ್ ಕೆಫ್ಲೆಜಿಘಿಯ ಕಥೆ ಹೇಳಿದಳು. ಎರಿಟ್ರಿಯದಲ್ಲಿ ಹುಟ್ಟಿ, ನಿರಾಶ್ರಿತನಾಗಿ ಅಮೇರಿಕೆ ಸೇರಿ, 2004ರ ಅಥೆನ್ಸ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಬೆಳ್ಳಿ ಗೆದ್ದ ಓಟಗಾರನು ಆತ. 2007ರ ನವಂಬರದಲ್ಲಿ ನ್ಯೂಯಾರ್ಕಿನಲ್ಲಿ ಮುಂದಿನ ಒಲಿಂಪಿಕ್ಸಿಗೆ ಆರಿಸುವ ಓಟದಲ್ಲಿ ಎಂಟನೆಯವನಾದನು. ಅದೇ ಓಟದಲ್ಲಿ ಅವನ ಗೆಳೆಯ ರಾಯನ್ ಶೇ ಕುಸಿದು ಬಿದ್ದು ತೀರಿಕೊಂಡನು. ಕೆಫ್ಲೆಜಿಘಿಯ ಚಪ್ಪೆಯೆಲುಬು ಭಾರಕ್ಕೆ ಬಿರುಕು ಬಿಟ್ಟಿದ್ದಿತು. ಅವನ ಕಾಲ ಮುಗಿಯಿತೆಂದರು. ಅವನು ಕಾಯ್ದನು. 2009ರಲ್ಲಿ ಅದೇ ನ್ಯೂಯಾರ್ಕಿನ ಮ್ಯಾರಥಾನನ್ನು ಗೆದ್ದನು. 2014ರಲ್ಲಿ, ಮೂವತ್ತೊಂಬತ್ತು ತುಂಬಲು ಎರಡು ವಾರಗಳಿರುವಾಗ, ಬಾಸ್ಟನ್ನಿನಲ್ಲಿ ಎರಡು ಗಂಟೆ ಎಂಟು ನಿಮಿಷ ಮೂವತ್ತೇಳು ಸೆಕೆಂಡಿಗೆ ಮೊದಲಿಗನಾದನು. ಮಾಸ್ತರರು ಎಲ್ಲವನ್ನೂ ಕೇಳಿ, "ಆತಗ ಮೂವತ್ತೊಂಬತ್ತು, ನನಗ ಐವತ್ತಮೂರು" ಎಂದರು. ಆದರೂ ಅಂದು ರಾತ್ರಿ ಅವರು 2007ರಿಂದ 2009ಕ್ಕೆ ಎಷ್ಟು ತಿಂಗಳೆಂದು ಎಣಿಸಿದ್ದುಂಟು.

ಜನವರಿಯಲ್ಲಿ ಇಬ್ಬರೂ ಮುಂಬಯಿಗೆ ಹೋದರು. ಮಗಳೊಬ್ಬಳೇ ಓಡಿದಳು. ಮಾಸ್ತರರು ಒಂದು ಕೋಲನ್ನೂರಿ ಪೆಡ್ಡರ್ ರಸ್ತೆಯ ಏರಿನ ಬದಿಯಲ್ಲಿ ನಿಂತರು. ಓಟದ ಕೊನೆಗಾಲದಲ್ಲಿ ಬರುವ ಆ ದಿಣ್ಣೆಯಲ್ಲಿ ಬಹಳ ಜನರ ಬಲ ಉಡುಗುವದೆಂದು ಕೇಳಿ ಬಲ್ಲರು. ಹೊತ್ತೇರಿ ಬಿಸಿಲು ಕಾದಿದ್ದಿತು. ಸಾವಿರಾರು ಕಾಲುಗಳು ಎದುರಿನಿಂದ ಹೋದವು. ಮಾಸ್ತರರು ಮುಖಗಳನ್ನು ನೋಡಲಿಲ್ಲ, ಟೊಂಕಗಳನ್ನು ನೋಡಿದರು: ಯಾರದು ಎಡಕ್ಕೆ ವಾಲುವದು, ಯಾರದು ಸಮನಾಗಿ ನಿಲ್ಲುವದು, ಯಾರು ನೋವನ್ನು ಮುಚ್ಚಿಕೊಂಡು ಓಡುವರು. ಮುಚ್ಚಿಕೊಂಡವರು ಅವರಿಗೆ ಕೂಡಲೆ ಗುರುತು ಸಿಕ್ಕರು. ಕೊನೆಗೆ ಮಗಳು ಬಂದಳು, ಬೆವರು ಉಪ್ಪಾಗಿ ಒಣಗಿದ ಮುಖ. ತಂದೆಯನ್ನು ಕಂಡು ನಿಲ್ಲಹೋದಳು. "ನಿಲ್ಲಬ್ಯಾಡವಾ, ಹೋಗು ಹೋಗು" ಎಂದು ಅವರು ಕೋಲನ್ನೆತ್ತಿ ಕೂಗಿದರು. ಎತ್ತಿದ ಮೇಲೆ ತಾವು ಎರಡು ಕಾಲುಗಳ ಮೇಲೆ ನೆಟ್ಟಗೆ ನಿಂತದ್ದು ತಿಳಿಯಿತು.

ಆಮೇಲಿನದು ಬಹಳ ನಿಧಾನದ ಕಥೆ, ಹೇಳಲು ರಮ್ಯವೂ ಅಲ್ಲ. ಹುಬ್ಬಳ್ಳಿಯ ಆ ಹುಡುಗಿ ಈಗ ಕೆಲಸ ಕೊಟ್ಟಳು. ಮಗ್ಗುಲಾಗಿ ಮಲಗಿ ಕಾಲೆತ್ತುವದು, ಅಂಗಾತ ಮಲಗಿ ಟೊಂಕವೆತ್ತುವದು, ಒಂದು ಕಾಲಿನ ಮೇಲೆ ನಿಂತು ಕನ್ನಡಿಯಲ್ಲಿ ಚಪ್ಪೆಗಳು ಸಮನಾಗಿವೆಯೋ ನೋಡುವದು. ತಕ್ಕಡಿಯ ಗಿಡ್ಡ ತೋಳಿನ ಸ್ನಾಯುಗಳನ್ನು ಬಲಪಡಿಸುವ ಉಪಾಯವಿದೆಂದು ಮಾಸ್ತರರಿಗೆ ತಾನಾಗಿಯೇ ಹೊಳೆಯಿತು, ಅಂದಿನಿಂದ ಬೇಸರಿಸಲಿಲ್ಲ. ಮಾರ್ಚದಲ್ಲಿ ಮತ್ತೊಮ್ಮೆ ತೆಗೆದ ಚಿತ್ರದಲ್ಲಿ ಗೆರೆ ಮಾಸಿದ್ದಿತು. ಮೇ ತಿಂಗಳಲ್ಲಿ ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ. ಆ ಒಂದು ನಿಮಿಷ ಏರಿಯ ಮೇಲೆ ಎರಡು ದೀಪದ ಕಂಬಗಳ ನಡುವೆ ಮುಗಿದುಹೋಗುವದು. ಏರಿಯ ಹಿರಿಯರು, "ಮಾಸ್ತರ, ಹುಲಿ ದಣೀತೇನ್ರಿ?" ಎಂದರು. ಮಾಸ್ತರರು ಈ ಸಲ ನಿಂತು ಮಾತಾಡಿದರು. ಆ ಹಿರಿಯರಿಗೂ ಎರಡು ವರುಷಗಳಿಂದ 'ಟೊಂಕ ನೋವು' ಎಂಬದು ಹೊರಬಿದ್ದಿತು. "ಒಂದ ಬೆರಳ ಇಟ್ಟು ತೋರಸ್ರಿ" ಎಂದು ಮಾಸ್ತರರು ಕೇಳಿದರು.

ನವಂಬರ ಬಂದಿತು. ದಿನಚರಿಯ ಹಾಳೆಯ ಆ ತಾರೀಖು ಒಂದು ಗುರುವಾರ. ಹುಡುಗಿ ಬರೆದುಕೊಟ್ಟ ಪಟ್ಟಿಯಂತೆ ಮಂಗಳವಾರ, ಶುಕ್ರವಾರ, ರವಿವಾರ ಓಟ, ಗುರುವಾರ ವಿಶ್ರಾಂತಿ. ಮಾಸ್ತರರು ನಾಲ್ಕೂವರೆಗೆ ಎಚ್ಚರಾಗಿ, ಪಟ್ಟಿಯನ್ನು ನೆನೆಸಿಕೊಂಡು, ಮಗ್ಗುಲು ಬದಲಿಸಿ ಮಲಗಿದರು. ಆರೂವರೆಗೆ ಮನೆಯಾಕೆ ಚಹಾ ತಂದು ಎಬ್ಬಿಸಿದಳು. ಇಬ್ಬರೂ ಕೂತು ಕುಡಿದು ಕಪ್ಪುಗಳನ್ನು ಕೆಳಗಿಟ್ಟರು.